ಹಳೆಯ ಗೋಡೆಯ ಮೇಲಿನ ಹೆಸರು

“ಬುದ್ಧಿ, ನಿಮ್ಮ ಹೆಸರಿನ ದಾಸೋಹವನ್ನು ಸಂತೆ ಬೀದಿಯಿಂದ ಹೊಸ ರಸ್ತೆಗೆ ಸಾಗಿಸಿದ್ದಾಯಿತು. ಗಾಡಿ ಬಾಡಿಗೆಯಿಂದ ಹಿಡಿದು ಒಲೆ ಕಟ್ಟುವವರೆಗೆ ಖರ್ಚೆಲ್ಲ ನಾನೇ ಹೊತ್ತೆ. ಇನ್ನು ನನ್ನ ಮೇಲೆ ಯಾವ ಹೊಣೆ ಉಳಿದಿದೆ?” ಎಂದು ಶಿಷ್ಯ ಕೇಳಿದ. ಹಳೆಯ ಬಾಗಿಲಿನ ಬೀಗದ ಕೈಯನ್ನು ಗುರುವಿನ ಮುಂದಿಟ್ಟು, ಶಭಾಷ್ ಅನ್ನಿಸಿಕೊಳ್ಳಲು ಕಾದು ಕುಳಿತ.

ಗುರು ಬೀಗದ ಕೈಯನ್ನು ಮುಟ್ಟಲಿಲ್ಲ. ಕತೆ ಹೇಳಿದ.

ಒಬ್ಬ ಹೋಟೆಲಿನವನಿದ್ದ. ಹೋಟೆಲು ಅವನದು, ಹೆಸರು ಮಾತ್ರ ಪಟ್ಟಣದ ಒಬ್ಬ ಯಜಮಾನನದು. ಆ ಯಜಮಾನನ ಸಾರಿನ ಘಮ ಎಂಥದೆಂದರೆ, ಒಗ್ಗರಣೆ ಬಿದ್ದರೆ ಸಾಕು, ಮೂರು ಹರದಾರಿ ಆಚೆ ಉಳುತ್ತಿದ್ದ ಎತ್ತುಗಳು ನೊಗ ಹೊತ್ತುಕೊಂಡೇ ಈ ಕಡೆ ತಿರುಗುತ್ತಿದ್ದವು. ಅಂಥ ಹೆಸರನ್ನು ಅವನು ಹತ್ತೂರಿನ ಹೋಟೆಲಿನವರಿಗೆ ಕೊಟ್ಟಿದ್ದ. ಕೊಡುವಾಗ ಹೇಳುತ್ತಿದ್ದುದು ಇಷ್ಟೇ: “ಸಾರಿನ ಪುಡಿ ನನ್ನಲ್ಲಿಂದಲೇ ಒಯ್ಯಬೇಕು. ಜಾಗ ಬದಲಿಸಿದರೆ ಖರ್ಚು ನಿನ್ನದು. ನನ್ನ ಹೆಸರು ನೋಡಿ ಬಂದವರು ಹಸಿದು ಹೋಗಬಾರದು.”

ಊರ ಹೊರಗೆ ಹೊಸ ರಸ್ತೆ ಬಿತ್ತು. ಬಸ್ಸುಗಳೆಲ್ಲ ಆ ಕಡೆ ತಿರುಗಿದವು. ಹೋಟೆಲಿನವನು ಯಜಮಾನನ ಅಪ್ಪಣೆ ಪಡೆದು ತಾನೂ ಹೊರಟ. ಅವನ ದೋಸೆ ಕಾವಲಿ ಎಳೆಯಲು ಎಂಟು ಜೋಡಿ ಎತ್ತು ಬೇಕಾದವು. ಇಪ್ಪತ್ತು ವರ್ಷದ ಕಾವು ಅದರಲ್ಲಿ! ದಾರಿಯುದ್ದಕ್ಕೂ ಗಾಡಿಯ ಮೇಲೇ ದೋಸೆ ಹುಯ್ದು ಆಳುಗಳಿಗೆಲ್ಲ ಬಡಿಸಿದ. ಬೋರ್ಡು ಬಿಚ್ಚಿದ, ಬೆಂಚು ಹೊತ್ತ, ಕಿಟಕಿಯ ಚಿಲಕವನ್ನೂ ಬಿಡಲಿಲ್ಲ. ಹಳೆಯ ಗೋಡೆಯ ಮೇಲೆ ಆಳೆತ್ತರ ಬರೆಸಿದ್ದ ಯಜಮಾನನ ಹೆಸರು ಮಾತ್ರ ಉಳಿಯಿತು. ಗೋಡೆ ಬಾಡಿಗೆಯದು, ತನಗೇಕೆ ಎಂದುಕೊಂಡ.

ತಿಂಗಳ ಮೇಲೆ ಯಜಮಾನ ಬಂದ. ಹಳೆಯ ಹೋಟೆಲಿನ ಜಗಲಿಯಲ್ಲಿ ಒಬ್ಬ ರೈತ ತನ್ನ ಮುದಿ ತಾಯಿಯೊಂದಿಗೆ ಕುಳಿತಿದ್ದ.

“ಬಾಗಿಲು ಮುಚ್ಚಿದೆಯಲ್ಲಮ್ಮ, ಯಾಕೆ ಕೂತಿದ್ದೀರಿ?”

“ಹೆಸರು ಹಂಗೇ ಐತಂತಲ್ಲ, ನನ್ನ ಮಗ ಓದಿದ. ತೆಗೀತಾರೆ ಬಿಡು,” ಎಂದಳು ಮುದುಕಿ. “ಬೆಳಗ್ಗಿಂದ ಕಾಯ್ತಾ ಇದೀವಿ. ನೀನೂ ಕೂತ್ಕೊ. ಆದ್ರೆ ಎಲೆ ಹಾಕುವಾಗ ಮೊದಲು ನಮಗೆ, ಆಮೇಲೆ ನಿನಗೆ.”

ಯಜಮಾನ ಇಬ್ಬರನ್ನೂ ಹೊಸ ಹೋಟೆಲಿಗೆ ಕರೆದೊಯ್ದು ಊಟಕ್ಕೆ ಕೂರಿಸಿದ. ಹೋಟೆಲಿನವನು ಎದೆಯುಬ್ಬಿಸಿಕೊಂಡು ತಾನು ಸುರಿದ ಖರ್ಚಿನ ಕತೆ ತೆಗೆದ. ಯಜಮಾನ ಏಣಿ ತರಿಸಿ, ತಾನೇ ಹತ್ತಿ, ಬೋರ್ಡು ಇಳಿಸಿದ.

“ಅಯ್ಯೋ, ನನ್ನ ಹೊಟ್ಟೆಯ ಮೇಲೆ ಹೊಡೆಯಬೇಡಿ ಯಜಮಾನರೇ! ಖರ್ಚೆಲ್ಲ ನಾನೇ ಹೊತ್ತಿದ್ದೇನಲ್ಲ?”

“ನೀನು ಕಾವಲಿ ತಂದೆ. ನನ್ನ ಹೆಸರು ಇನ್ನೂ ಅಲ್ಲೇ ಕೂತಿದೆ. ಅದನ್ನು ಕರೆದುಕೊಂಡು ಬಾ, ಆಮೇಲೆ ಬೋರ್ಡು ಕೇಳು.”

ಮರುದಿನ ಹೋಟೆಲಿನವನು ಸುಣ್ಣದ ಬಕೆಟ್ಟು ಹಿಡಿದು ಹಳೆಯ ಗೋಡೆಗೆ ಹೋದ. ಬಳಿಯಲು ಕೈ ಎತ್ತಿದಾಗ ಮತ್ತೊಂದು ಸಂಸಾರ ಬಂದು ಜಗಲಿಯಲ್ಲಿ ಗಂಟು ಇಳಿಸಿತು. ಅವನ ಕೈ ಇಳಿಯಿತು. ಹೆಸರು ಅಳಿಸಿದರೆ ಇವರು ಹಸಿದೇ ಹೋಗುತ್ತಾರೆ. ಬಿಟ್ಟರೆ ಹಸಿದು ಕಾಯುತ್ತಾರೆ. ಅಂದಿನಿಂದ ದಿನವೂ ಊಟದ ಹೊತ್ತಿಗೆ ಅನ್ನ ಸಾರು ಹೊತ್ತು ಅಲ್ಲಿಗೆ ಬಂದ. ಬಂದವರಿಗೆ ಬಡಿಸಿದ, ಹೊಸ ದಾರಿ ತೋರಿಸಿದ. ಆರು ತಿಂಗಳು ಹಿಡಿಯಿತು. ಜಗಲಿಗೆ ಯಾರೂ ಬಾರದ ದಿನ ಗೋಡೆಗೆ ಸುಣ್ಣ ಬಳಿದು, ಬೋರ್ಡು ಕೇಳಲು ಹೋದ.

ಗುರು ಕತೆ ನಿಲ್ಲಿಸಿ, ಬೀಗದ ಕೈಯನ್ನು ಶಿಷ್ಯನ ಕಡೆಗೆ ಸರಿಸಿದ.

“ಇವತ್ತು ಸಂತೆ, ನೀನು ಬೀಗ ಹಾಕಿ ಬಂದ ಬಾಗಿಲಲ್ಲಿ ಎಷ್ಟು ಜನ ಕೂತಿದ್ದಾರೆ?”

ಶಿಷ್ಯ ಬೀಗದ ಕೈ ಎತ್ತಿಕೊಂಡು ಸಂತೆ ಬೀದಿಗೆ ಹೊರಟ.