ಹಿಂಭಾರದ ಗಾಡಿಗೆ ಹೊಸ ನೊಗ

"ಗುರುಗಳೇ, ಅಡುಗೆಯ ಭರಮಣ್ಣ ಮತ್ತೆ ಗೊಣಗುತ್ತಿದ್ದಾನೆ. ನಾನು ಧ್ಯಾನಕ್ಕೆ ಕೂತರೆ ನನ್ನ ಪಾಲಿನ ನೀರು ಸೇದುವುದೂ ಅವನೇ, ಸೌದೆ ಒಡೆಯುವುದೂ ಅವನೇ ಅಂತೆ. ಅವನ ಗೊಣಗಾಟಕ್ಕೆ ನನ್ನ ಧ್ಯಾನ ಕೆಡುತ್ತಿದೆ. ಅವನಿಗೆ ತಾಳ್ಮೆ ಬರುವಂಥ ಒಂದು ಮಾತು ಹೇಳಿಕೊಡಿ" ಎಂದು ಶಿಷ್ಯ ಕೇಳಿದ.

ಗುರುಗಳ ಮುಖ ಬಿಗಿಯಿತು. "ಕೇಳು" ಅಂದರು.

ಒಬ್ಬ ವ್ಯಾಪಾರಿ ಊರೂರು ತಿರುಗಿ ತಾಮ್ರದ ಹಂಡೆ ಮಾರುತ್ತಿದ್ದ. ಕಮಾನು ಕಟ್ಟಿದ ಎತ್ತಿನ ಗಾಡಿಯೇ ಅವನ ಮನೆ. ಹಂಡೆಗಳನ್ನೆಲ್ಲ ಹಿಂದಕ್ಕೆ ಪೇರಿಸಿ, ತಾನೂ ಅಲ್ಲೇ ಹಾಸಿಗೆ ಹಾಕಿಕೊಂಡು ಒರಗುತ್ತಿದ್ದ. ಹಿಂದೆ ಗಾಳಿ ಚೆನ್ನ ಅಂತ. ಹಿಂದೆ ಭಾರ ಹೆಚ್ಚಾದರೆ ಮುಂದೆ ನೊಗ ಮೇಲೇಳುತ್ತದೆ. ನೊಗ ಎದ್ದರೆ ಕೊರಳ ಹಗ್ಗ ಎತ್ತಿನ ಗಂಟಲು ಹಿಸುಕುತ್ತದೆ. ಎತ್ತುಗಳು ದಾರಿಯಲ್ಲೇ ನಾಲಗೆ ಚಾಚಿ ನಿಂತವು.

ನೊಗದ್ದೇ ದೋಷ ಅಂದ ವ್ಯಾಪಾರಿ. ಬಡಗಿಯ ಹತ್ತಿರ ಹೋಗಿ ತೇಗದ್ದೊಂದು ಆರಿಸಿ ತಂದ. ಎತ್ತುಗಳು ಮತ್ತೆ ನಿಂತವು. ಅದನ್ನು ಎಸೆದು ಹಿತ್ತಾಳೆ ಪಟ್ಟಿ ಬಡಿದದ್ದನ್ನು ತಂದು ಕಟ್ಟಿಸಿದ.

ಒಂದು ಏರಿನ ಬುಡದಲ್ಲಿ ಗಾಡಿ ಹೊಡೆಯುವವನು ಕೆಳಗಿಳಿದು ಕೈಮುಗಿದ.

"ಸಾವ್ಕಾರ್ರೇ, ಏರು ಬಂದಾಗ ಎಲ್ಲಾರೂ ಮುಂದಕ್ಕೆ ಬಂದು ಮೂಕಿ ಹತ್ರ ಕೂರ್ತಾರೆ. ನೀವೂ ಒಂಚೂರು ಬನ್ನಿ. ಹಂಡೆ ನಾನು ಸರಿಸ್ತೀನಿ. ಕರು ಇದ್ದಾಗಿಂದ ನಾನು ಸಾಕಿದ ಎತ್ತು, ಉಸಿರು ಕಟ್ತಾ ಇದೆ."

"ಎತ್ತಿನ ಬಾಲದಲ್ಲಿ ಮುಖ ಒರೆಸಿಕೊಳ್ಳೋಕೆ ನಾನೇನು ಗಾಡಿ ಹೊಡೆಯೋನೇನೋ? ಇಷ್ಟು ಚೆಂದದ ನೊಗ ತಂದುಕೊಟ್ಟಿದ್ದೀನಿ. ಹೊಡಿ ಗಾಡಿ!"

ಅವನು ಹೊಡೆದ. ಅರ್ಧ ಏರಿನಲ್ಲಿ ಎಡದ ಎತ್ತು ಮೊಣಕಾಲೂರಿತು. ಗಾಡಿಯವನು ಹಾರಿ ಹಗ್ಗ ಕೊಯ್ದ. ಅಷ್ಟರಲ್ಲಿ ಅದರ ಉಸಿರು ಹೋಗಿತ್ತು. ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅವನು ರಸ್ತೆಯಲ್ಲೇ ಕೂತ.

ಒಳಗೆ ಹಾಸಿಗೆಯ ಮೇಲಿಂದಲೇ ವ್ಯಾಪಾರಿ ಕೂಗಿದ. "ಆ ಬಡಗಿಯ ಮನೆ ಹಾಳಾಗ! ಈ ನೊಗವೂ ಸರಿಯಿಲ್ಲ!"

"ಥೂ, ಎಂಥ ಪಾಪಿ!" ಎಂದ ಶಿಷ್ಯ.

ಗುರುಗಳು ಅವನನ್ನೇ ದಿಟ್ಟಿಸಿದರು. "ಭರಮಣ್ಣನಿಗೆ ಮಾತು ಹುಡುಕಬೇಡ, ಮೊದಲು ಅವನ ಮೇಲಿಂದ ಇಳಿ."