ಕಾಮಕಸ್ತೂರಿ ತಾನು ಅರಳಿದ್ದನ್ನೇ ಮರೆತದ್ದು

ಲೋಕ ಇನ್ನೂ ಹಸಿ ಮಡಕೆಯ ಹಾಗಿದ್ದ ಕಾಲ. ಮುಟ್ಟಿದರೆ ಬೆರಳಚ್ಚು ಮೂಡುತ್ತಿತ್ತು. ಬೆಟ್ಟಗಳು ಎಲ್ಲಿ ಕೂರಬೇಕೆಂದು ತಿಳಿಯದೆ ಅತ್ತಿತ್ತ ಸರಿಯುತ್ತಿದ್ದವು. ಹೊಳೆಗಳು ದಾರಿ ತಪ್ಪಿ ವಾಪಸು ಬರುತ್ತಿದ್ದವು.

ಹೂಗಳಿಗೆ ಮಾತ್ರ ಗೊಂದಲವಿರಲಿಲ್ಲ. ಮಲ್ಲಿಗೆ ಬೇಸಿಗೆ ಹಿಡಿಯಿತು. ಕೇದಗೆ ಮಳೆಗಾಲ ಹಿಡಿಯಿತು. ಸೇವಂತಿಗೆ ಚಳಿಗಾಲ ಹಿಡಿಯಿತು. ಒಂದು ಸಲ ಅರಳುವುದು, ಸುಮ್ಮನೆ ಮಲಗುವುದು. ಅಷ್ಟೇ.

ಆದರೆ ಒಂದು ಹೂ ಮುಗಿದು ಇನ್ನೊಂದು ಬರುವ ತನಕ ಖಾಲಿ ದಿನಗಳು ಇದ್ದವಲ್ಲ, ಆಗ ಜೇನಿನ ಮರಿಗಳು ಹಸಿದು ಅಳುತ್ತಿದ್ದವು. ಅಂಥ ಒಂದು ದಿನ ಜೇನವ್ವ ಹೂ ಹುಡುಕುತ್ತ ಹೊರಟಳು.

ಸಣ್ಣೀರಜ್ಜಿಯ ಹಿತ್ತಿಲಲ್ಲಿ, ಬಚ್ಚಲ ನೀರು ಹರಿಯುವ ಕಡೆ, ಬಿಸಿಲಿಗೆ ಮೈಯೊಡ್ಡಿ ಒಂದು ಕಾಮಕಸ್ತೂರಿ ಗಿಡ ನಿಂತಿತ್ತು. ಎಲೆ ಎಲೆಯೂ ಘಮಘಮ. ಹೂ ಮಾತ್ರ ಇಲ್ಲ.

“ಯಾಕೆ ತಂಗೀ, ಅರಳಿಲ್ಲ?” ಅಂದಳು ಜೇನವ್ವ.

“ಯಾವಾಗ ಅರಳ್ಬೇಕು ಅಂತ್ಲೇ ತಿಳೀತಿಲ್ಲ ಕಣಕ್ಕ. ತಲೆ ಮೇಲೆ ಬಿಸಿಲು, ಬೇಸಿಗೆ ಅಂದ್ಕೋತೀನಿ. ಬುಡದಲ್ಲಿ ನೀರು, ಮಳೆಗಾಲ ಅಂದ್ಕೋತೀನಿ. ನಾನೀಗ ಯಾವ ಕಾಲದಲ್ಲಿದ್ದೀನಿ?”

ಗಾಳಿಯನ್ನು ಕೇಳಿದರು. “ನಾನು ನಿಂತವನೇ ಅಲ್ಲ. ನಿಂತವರ ಕಾಲ ನನಗೇನು ಗೊತ್ತು?” ಅಂತ ಗಾಳಿ ಹೋಗೇಬಿಟ್ಟ.

ಬಚ್ಚಲ ನೀರನ್ನು ಕೇಳಿದರು. “ಅಜ್ಜಿ ಮಿಂದರೆ ನನಗೆ ಮಳೆಗಾಲ. ಮೀಯದಿದ್ದರೆ ಬೇಸಿಗೆ” ಅಂದಿತು ನೀರು.

ಗಿಡದ ತಲೆ ಇನ್ನೂ ಕೆಟ್ಟಿತು.

“ಯಾವ ಕಾಲನಾದ್ರೂ ಆಗ್ಲಿ ತಾಯಿ, ಅರಳು. ನನ್ನ ಮಕ್ಕಳು ನಾಳೆಗೆ ಉಳಿಯಲ್ಲ” ಎಂದು ಜೇನವ್ವ ಅತ್ತಳು.

ಗಿಡಕ್ಕೆ ಕರುಳು ಚುರುಕ್ಕೆಂದಿತು. ತುದಿಯಲ್ಲಿ ಒಂದು ತೆನೆ ಹೊರಟು ಪುಟ್ಟ ಬಿಳಿ ಹೂಗಳಾದವು. ಜೇನವ್ವ ತಂಗಿಯರನ್ನು ಕರೆತರಲು ಹಾರಿದಳು.

ಆಗಲೇ ಮಿಂದು ಬಂದ ಸಣ್ಣೀರಜ್ಜಿ ಆ ತೆನೆ ಚಿವುಟಿ ತುರುಬಿಗೆ ಸಿಕ್ಕಿಸಿಕೊಳ್ಳಬೇಕೆ!

“ಅಜ್ಜೀ, ತುರುಬಲ್ಲಿ ಅದೇನು?” ಅಂದಳು ವಾಪಸು ಬಂದ ಜೇನವ್ವ.

“ಕಾಮಕಸ್ತೂರಿ ಕಣೆ. ಒಪ್ಪುತ್ತಾ?”

“ಅದು ನನ್ನ ಮಕ್ಕಳ ಊಟ!”

“ಅಯ್ಯೋ ಶಿವನೇ, ಊಟಾನಾ? ನಾನು ಸಿಂಗಾರ ಅಂದ್ಕೊಂಡ್ನಲ್ಲೇ!” ಅಜ್ಜಿ ತೆನೆ ಕಿತ್ತು ಗಿಡಕ್ಕೆ ಅಂಟಿಸಿ ನೋಡಿದಳು. ನಿಲ್ಲಲಿಲ್ಲ. ಮತ್ತೆ ತುರುಬಿಗೇ ಸಿಕ್ಕಿಸಿ ಬಿಸಿಲಲ್ಲಿ ತಲೆ ಬಗ್ಗಿಸಿ ಕೂತಳು. “ಕುಡ್ಕೊಳ್ರವ್ವಾ. ಕಚ್ಚಬ್ಯಾಡಿ ಮಾತ್ರ.”

ಜೇನುಗಳು ಅಜ್ಜಿಯ ತುರುಬಿಗೆ ಮುತ್ತಿದವು. ಅಜ್ಜಿ ಸಂಜೆ ತನಕ ಕೆಮ್ಮಲೂ ಇಲ್ಲ. ಆ ಹೊತ್ತಿಗೆ ಮರಿಗಳು ಉಳಿದವು. ಮುಂದಕ್ಕೆ?

ಇತ್ತ ಗಿಡ ತಬ್ಬಿಬ್ಬಾಗಿತ್ತು. “ಜೇನಕ್ಕ, ನಾನು ಅರಳಿದ್ದೆ ಅಲ್ವಾ? ಮತ್ತೆ ಹೂವೆಲ್ಲಿ? ಬೀಜವೂ ಇಲ್ಲ. ಕನಸೇನೋ?”

ಜೇನವ್ವ ನಿಜ ಹೇಳಲು ಬಾಯಿ ತೆರೆದಳು. ಗೂಡಿನ ಕಡೆ ನೋಡಿದಳು. ಅರಳಿಯಾಯಿತು ಅಂತ ತಿಳಿದರೆ ಈ ಗಿಡವೂ ಮಲಗಿಬಿಡುತ್ತದಲ್ಲ!

“ಇಲ್ಲ ಕಣೆ,” ಅಂದಳು ಮೆಲ್ಲಗೆ, “ನೀನಿನ್ನೂ ಅರಳೇ ಇಲ್ಲ.”

“ಹೌದಾ! ತಾಳು, ಈಗ ಅರಳ್ತೀನಿ.”

ಚಿವುಟಿದ ಕಡೆ ಒಂದಿದ್ದ ಕುಡಿ ಎರಡಾಯಿತು. ಎರಡರಲ್ಲೂ ತೆನೆ ಬಂತು. ಅಜ್ಜಿ ತನಗೊಂದು ಚಿವುಟಿಕೊಂಡು ಜೇನಿಗೊಂದು ಬಿಟ್ಟಳು; ಜೇನು ಕುಡಿದಾದ ಮೇಲೆ ಅದನ್ನೂ ಚಿವುಟಿದಳು. ಗಿಡ ಮತ್ತೆ ಕೇಳಿತು, “ನಾನು ಅರಳಿದೆನಾ?” ಜೇನವ್ವ ಮತ್ತೆ ಅಂದಳು, “ಇನ್ನೂ ಇಲ್ಲ.” ಖಾಲಿ ದಿನಗಳು ಬಂದವು, ಹೋದವು. ಮರಿಗಳು ಅಳಲಿಲ್ಲ.

ಅದಕ್ಕೇ ಮಗೂ, ನಮ್ಮ ಹಿತ್ತಿಲ ಕಾಮಕಸ್ತೂರಿ ಚಿವುಟಿದಷ್ಟೂ ಕವಲೊಡೆದು, ಬೇಸಿಗೆ ಮಳೆ ಚಳಿ ಎನ್ನದೆ ಹೂ ಬಿಡುತ್ತದೆ. ಅದರ ಸುತ್ತ ಜೇನು ಗುಂಯ್ಗುಡುತ್ತ “ಇನ್ನೂ ಇಲ್ಲ, ಇನ್ನೂ ಇಲ್ಲ” ಅನ್ನುವುದು ಕೇಳಿಸಿದರೆ, ನೀನೂ ಗಿಡಕ್ಕೆ ನಿಜ ಹೇಳಿಬಿಡಬೇಡ.