ಅರಮನೆಯ ಅಂಗಳಕ್ಕೆ ಬರುವ ಸೈಕಲ್ಲು

"ಕೇಳ್ರಪ್ಪೋ ಕೇಳಿ! ತೀರಿಹೋದ ಯುವರಾಜರ ಸೈಕಲ್ಲು ಕೇಳುವ ಮೂರು ಒಗಟು ಬಿಡಿಸಿದವರಿಗೆ ಮಹಾರಾಜರು ಅರ್ಧ ರಾಜ್ಯ ಕೊಡ್ತಾರೆ. ತಪ್ಪು ಹೇಳಿದವರನ್ನು ಸೈಕಲ್ಲೇ ಹೊತ್ಕೊಂಡು ಹೋಗುತ್ತೆ. ಆಮೇಲೆ ನಮ್ಮನ್ನ ಕೇಳಬೇಡಿ!"

ಹೀಗೆ ಡಂಗುರ ಸಾರಿಸಿದವನು ಬೆಟ್ಟದ ಸೀಮೆಯ ಅರಸ ಮಲ್ಲೇಂದ್ರ. ಅವನ ಒಬ್ಬನೇ ಮಗ ಇಂದುಧರನಿಗೆ ಬೆಟ್ಟ ಹತ್ತುವ ಗೇರ್ ಸೈಕಲ್ಲೆಂದರೆ ಪ್ರಾಣ. ಒಂದು ಬೆಳಿಗ್ಗೆ ಕಡಿದಾದ ಏರಿನಲ್ಲಿ ಹೋಗುತ್ತಿದ್ದವನು ಸೈಕಲ್ಲು ಸಮೇತ ಕಮರಿಗೆ ಬಿದ್ದ. ಹೆಣ ಸಿಕ್ಕಿತು, ಸೈಕಲ್ಲು ಸಿಗಲಿಲ್ಲ. ಹಾಗೇ ಸಿಗದೇ ಉಳಿದಿದ್ದರೆ ಚೆನ್ನಾಗಿತ್ತು ಅನ್ನಿ! ಅಂದಿನಿಂದ ದಿನಾ ದೀಪ ಹಚ್ಚುವ ಹೊತ್ತಿಗೆ ಅದು ತಾನೇ ಪೆಡಲ್ ತುಳಿದುಕೊಂಡು, ಹಿಂದಿನ ಗೇರು ಕಟಕಟ ಅನ್ನುತ್ತಾ, ಅರಮನೆಯ ಅಂಗಳಕ್ಕೆ ಬಂದು ನಿಲ್ಲುತ್ತಿತ್ತು. ಖಾಲಿ ಸೀಟಿನ ಮೇಲಿಂದ ಯುವರಾಜನ ದನಿ ಕೇಳುತ್ತಿತ್ತು. ಊರವರು ಮಕ್ಕಳನ್ನು ಒಳಗೆಳೆದು ಬಾಗಿಲು ಹಾಕಿಕೊಳ್ಳುತ್ತಿದ್ದರು.

ಮೊದಲು ಬಂದವನು ಪಕ್ಕದ ಸೀಮೆಯ ರಾಜಕುಮಾರ. ಸೈಕಲ್ಲು ಕೇಳಿತು: "ಮುಂದೆ ನಿಂತು ದಾರ ಎಳೆದು ಕರೀತೀನಿ. ಹಿಂದಿನವನು ಮೆಟ್ಟಿಲು ಹತ್ತೋಕೆ ಹೊರಡ್ತಾನೆ, ಹತ್ತೋದಿಲ್ಲ, ಅರ್ಧಕ್ಕೆ ನಿಂತು ಗೊಣಗ್ತಾನೆ. ಅವನಿಗೆ ಬಂದಿರೋ ಸಂಕಟ ಏನು?"

"ಹಸಿವು!" ಅಂದ ಮಹಾಶಯ. ಅಷ್ಟೇ. ಅವನ ಕಾಲುಗಳು ತಾವಾಗಿಯೇ ಪೆಡಲಿನ ಮೇಲೆ ಹೋಗಿ ಕೂತವು. ಬೇಡ ಬೇಡ ಎಂದು ಕಿರುಚುತ್ತಲೇ ಬೆಟ್ಟ ಹತ್ತಿ ಮಾಯವಾದ. "ಸಂಸಾರದ ಮೋಹ" ಎಂದ ಪಂಡಿತರೂ ಹೋದರು. ಉಪ್ಪು ಮಾರುವ ಕೆಂಚ, ಅರ್ಧ ರಾಜ್ಯದ ಆಸೆಗೆ ಬಿದ್ದು "ಸೋಮಾರಿತನ" ಎಂದು, ಅವನೂ ಹೋದ.

ಕೆಂಚನ ತಮ್ಮ ದ್ಯಾವ. ಅವನೂ ಬೆಟ್ಟದ ಹಳ್ಳಿಗಳಿಗೆ ಹಳೇ ಗೇರ್ ಸೈಕಲ್ಲಿನಲ್ಲಿ ಉಪ್ಪು ಹೊರುವವನೇ. ಅಣ್ಣನಿಲ್ಲದ ಮನೆಯಲ್ಲಿ ಅವನಿಗೆ ತುತ್ತು ಇಳಿಯಲಿಲ್ಲ. "ರಾಜ್ಯ ಹಾಳಾಗ್ಲಿ, ನಮ್ಮಣ್ಣ ಬಂದ್ರೆ ಸಾಕು" ಎಂದು ಅಂಗಳಕ್ಕೆ ಬಂದು ನಿಂತ.

ಅದೇ ಒಗಟು ಬಂತು. ದ್ಯಾವ ಅಂದ, "ಸಂಕಟ ಅವನದಲ್ಲ ಸ್ವಾಮಿ, ದಾರದ್ದು. ಗೇರಿನ ವೈರು ಸಡಿಲ ಆಗಿದೆ. ಒಂಚೂರು ಬಿಗಿ ಮಾಡಿದ್ರೆ ಚೈನು ದೊಡ್ಡ ಹಲ್ಲುಚಕ್ರಕ್ಕೆ ಹತ್ತುತ್ತೆ."

ಕಟಕಟ ಸ್ವಲ್ಪ ತಗ್ಗಿತು. "ಈಗ ಕರೆದ ಕೂಡಲೇ ಹತ್ತುತ್ತಾನೆ. ಕೈ ಬಿಟ್ಟು ಇಳಿಯಪ್ಪಾ ಅಂದ್ರೆ ಇಳಿಯಲ್ಲ. ಹಿಡಿದವರು ಕಾಣಲ್ಲ. ಯಾರು ಹಿಡಿದಿರೋದು?"

"ತುಕ್ಕು ಮತ್ತೆ ಕೆಸರು. ವೈರು ಓಡಾಡೋ ಕೊಳವೆಯೊಳಗೆ ಕೂತಿರ್ತಾವೆ. ಎಳೆದ್ರೆ ವೈರು ಬರುತ್ತೆ, ಬಿಟ್ರೆ ವಾಪಸ್ ಜಾರಲ್ಲ. ಕೊಳವೆ ಬದಲಾಯಿಸಬೇಕು."

ಸೈಕಲ್ಲು ಇನ್ನೂ ಹತ್ತಿರ ಬಂತು. ಸೀಟಿನಿಂದ ಕಮರಿಯ ತಣ್ಣನೆ ಗಾಳಿ ಬೀಸಿತು. "ದಾರ ಬಿಗಿ ಇದೆ, ಕೊಳವೆ ಚೊಕ್ಕಟ ಇದೆ. ಆದರೂ ಕೆಳಗಿನ ಮೆಟ್ಟಿಲು ಸರಿ ಮಾಡಿದ್ರೆ ಮೇಲಿನದು ಕೆಡುತ್ತೆ, ಮೇಲಿನದು ಸರಿ ಮಾಡಿದ್ರೆ ಕೆಳಗಿನದು. ಕೊನೇ ಮೆಟ್ಟಿಲಿಗೆ ಕರೆದೆ, ಅದನ್ನೂ ದಾಟಿ ಹೋಗಿ ನನ್ನ ಕೊಂದ. ಯಾಕೆ?"

ದ್ಯಾವನ ಕಾಲು ಆಗಲೇ ಪೆಡಲಿನ ಕಡೆ ಎಳೆಯುತ್ತಿತ್ತು. ಬಗ್ಗಿ, ಸೈಕಲ್ಲಿನ ಬೆನ್ನ ಹಿಂದೆ ಕೂತು ಒಂದು ಕಣ್ಣು ಮುಚ್ಚಿ ನೋಡಿದ.

"ಚೈನು ತಳ್ಳುವ ತೋಳನ್ನ ಚೌಕಟ್ಟಿಗೆ ಹಿಡಿದಿರೋ ಪಟ್ಟಿ ಇದೆಯಲ್ಲ, ಅದು ಒಳಗೆ ಬಾಗಿದೆ. ಅದು ಬಾಗಿದ್ರೆ ಏನು ಬಿಗಿ ಮಾಡಿದ್ರೂ ಅಷ್ಟೇ. ಅವತ್ತು ಚೈನು ದೊಡ್ಡ ಚಕ್ರ ದಾಟಿ ಗಾಲಿ ಕಡ್ಡಿಗಳಿಗೆ ಸಿಕ್ಕಿಕೊಂಡಿದೆ, ಗಾಲಿ ತಿರುಗದೆ ಹಿಡ್ಕೊಂಡಿದೆ. ನೀವು ಏರೋಕ್ಕೆ ಮುಂಚೆನೇ ಸೈಕಲ್ಲು ಗೇರಿರೋ ಬಲಮಗ್ಗುಲಿಗೆ ಬಿದ್ದಿತ್ತು ಸ್ವಾಮಿ."

ಕಟಕಟ ನಿಂತಿತು. ಬೆಟ್ಟದಿಂದ ರಾಜಕುಮಾರ, ಪಂಡಿತರು, ಎಲ್ಲರೂ ನಿದ್ದೆಗಣ್ಣಿನಲ್ಲಿ ಇಳಿದು ಬಂದರು. ದ್ಯಾವ ಓಡಿ ಹೋಗಿ ಅಣ್ಣನನ್ನು ತಬ್ಬಿಕೊಂಡು ಗೊಳೋ ಎಂದು ಅತ್ತ.

"ಭಲೇ! ಅರ್ಧ ರಾಜ್ಯ ನಿನ್ನದು, ಹೊರಡು, ಎಲ್ಲರೂ ಹೊರಡಿ" ಎಂದ ಅರಸ. ಅಷ್ಟೊಂದು ಅವಸರ ಯಾಕೋ!

ಸೈಕಲ್ಲು ಮಾತ್ರ ಹೊರಡಲಿಲ್ಲ. "ನಾನು ಬೀಳಿಸಿರಲಿಲ್ಲ ಅಪ್ಪಾಜಿ" ಎಂದಿತು ದನಿ. "ಹಿಂದಿನ ದಿನ ಸರಿಯಾಗಿತ್ತು."

ಅರಸ ಮೆಟ್ಟಿಲ ಮೇಲೇ ಕುಸಿದು ಕೂತ. "ಬೀಳಿಸಿದ್ದು ನಾನು ಮಗನೇ. ಯಾರೂ ಇಲ್ಲದಾಗ ಒಂದು ಸುತ್ತು ಹೊಡೆಯೋಣ ಅಂತ ಹತ್ತಿದೆ. ದೊಪ್ಪನೆ ಬಿದ್ದೆ. ಮಣ್ಣು ಒರೆಸಿ ಗೋಡೆಗೆ ಒರಗಿಸಿ ಸುಮ್ಮನಾದೆ. ಹೇಳಿದ್ರೆ ನೀನು ನಗ್ತೀಯ ಅಂತ..."

ಖಾಲಿ ಸೀಟಿನ ಮೇಲಿಂದ ಮೆಲ್ಲಗೆ ನಗು ಕೇಳಿಸಿತು.

"ನಗ್ತಿದ್ದೆ ಅಪ್ಪಾಜಿ. ಹೊಟ್ಟೆ ಹಿಡ್ಕೊಂಡು ನಗ್ತಿದ್ದೆ. ಆಮೇಲೆ ರಿಪೇರಿ ಮಾಡಿಸ್ಕೊಂಡು ಹೋಗ್ತಿದ್ದೆ."